ಹಿಂದಿನ ಸೀಟಿನ ಸೋನಾಬಾಯಿ

ಚಿಕ್ಕೋಡಿಯ ಆರ್‌ಟಿಓ ಮೈದಾನದಲ್ಲಿ ಎಂಟು ಹೊಡೆದು ಮೋಟರ್ ಸೈಕಲ್ ಲೈಸನ್ಸ್ ಗೆದ್ದು ತಂದವಳು ನಾನು, ಈ ಸೋನಾಬಾಯಿ. ನಗಬೇಡ ಅಕ್ಕವ್ವ, ಅರ್ಧ ಸುಳ್ಳು ಎಂದು ನಾನೇ ಒಪ್ಪುತ್ತೇನೆ. ಗಾಡಿಯ ಮೇಲಿದ್ದವಳು ನನ್ನ ಮೊಮ್ಮಗಳು ಸ್ನೇಹಲ. ಲೈಸನ್ಸಿನ ಮೇಲೆ ಇರುವುದೂ ಅವಳ ಫೋಟೋ, ಅವಳ ಹೆಸರು. ಆದರೆ ಉಳಿದ ಅರ್ಧ ಖರೆ. ನಾನಿಲ್ಲದಿದ್ದರೆ ಅವಳು ಮೊದಲ ಸಲ ಫೇಲ್ ಆಗುತ್ತಿರಲಿಲ್ಲ. ನಾನಿಲ್ಲದಿದ್ದರೆ ಎರಡನೆಯ ಸಲ ಪಾಸೂ ಆಗುತ್ತಿರಲಿಲ್ಲ.

ನೀನು ಮೊಣಕಾಲಿನ ಆಪರೇಶನ್ ಮಾಡಿಸಿಕೊಂಡು ಮಗಳ ಮನೆ ಎಂದು ಕೊಗನೊಳ್ಳಿಗೆ ಹೋಗಿ ಮಲಗಿಬಿಟ್ಟೆ. ಇಲ್ಲಿ ಸದಲಗಾದಲ್ಲಿ ಏನೇನು ನಡೆಯಿತು ನಿನಗೇನು ಗೊತ್ತು? ಚಹಾ ಆರುತ್ತದೆ, ಕುಡಿಯುತ್ತ ಕೇಳು.

ಸ್ನೇಹಲಳಿಗೆ ನಿಪ್ಪಾಣಿಯ ಲ್ಯಾಬಿನಲ್ಲಿ ಕೆಲಸ ಸಿಕ್ಕಿತ್ತು. ಜನರ ರಕ್ತ ತೆಗೆದು ಸಕ್ಕರೆ ಎಷ್ಟಿದೆ, ಉಪ್ಪು ಎಷ್ಟಿದೆ ಎಂದು ಹೇಳುವ ಕೆಲಸ. ಅವಳು ಸೂಜಿ ಚುಚ್ಚಿದರೆ ಸೊಳ್ಳೆ ಕಚ್ಚಿದಷ್ಟೂ ನೋವಾಗುವುದಿಲ್ಲವಂತೆ. ನಿಪ್ಪಾಣಿಯ ಅರ್ಧ ಜನ ಅವಳ ಕೈಯಲ್ಲಿ ಚುಚ್ಚಿಸಿಕೊಳ್ಳಲೆಂದೇ ಜ್ವರ ತರಿಸಿಕೊಳ್ಳುತ್ತಾರೆ. ಹುಡುಗಿಗೆ ಆ ಕೆಲಸದ ಮೇಲೆ ಜೀವ. ಮನೆಗೆ ಬಂದು ನನ್ನ ಕೈ ಹಿಡಿದರೂ ಮೊದಲು ನರ ಎಲ್ಲಿದೆ ಎಂದು ನೋಡುತ್ತಿದ್ದಳು.

ತೊಂದರೆ ಕೆಲಸದ್ದಲ್ಲ, ಬಸ್ಸಿನದು. ಸಂಜೆ ನಿಪ್ಪಾಣಿಯಿಂದ ಬಿಡುವ ಆ ಬಸ್ಸು ಪ್ರತಿ ಊರಿನಲ್ಲೂ ನಿಲ್ಲುತ್ತದೆ. ದಾರಿಯಲ್ಲಿ ನಿಂತ ಎಮ್ಮೆಯನ್ನೂ ‘ಬರ್ತೀಯೇನವ್ವಾ’ ಎಂದು ಕೇಳಿಕೊಂಡು ಬರುತ್ತದೆ. ಅದು ಸದಲಗಾ ಮುಟ್ಟುವಷ್ಟರಲ್ಲಿ ಹೊತ್ತು ಮುಳುಗಿ ಲೈಟು ಹತ್ತಿರುತ್ತಿದ್ದವು. ನಮ್ಮ ಜೈನರ ಮನೆಯ ಪದ್ಧತಿ ನಿನಗೆ ಗೊತ್ತೇ ಇದೆ, ಹೊತ್ತು ಮುಳುಗಿದ ಮೇಲೆ ಬಾಯಿಗೆ ತುತ್ತಿಲ್ಲ. ಇವಳಂತೂ ಹತ್ತನೆಯ ತರಗತಿ ಪಾಸಾದ ವರ್ಷ ಮುನಿ ಮಹಾರಾಜರ ಮುಂದೆ ಕೈಮುಗಿದು ನೇಮ ತೆಗೆದುಕೊಂಡವಳು. ಮಧ್ಯಾಹ್ನದ ಡಬ್ಬಿ ತಿಂದದ್ದೇ ಊಟ, ಆಮೇಲೆ ಮರುದಿನ ಬೆಳಗ್ಗೆ. ಎರಡನೆಯ ಡಬ್ಬಿ ಕಟ್ಟಿಕೊಟ್ಟು ನೋಡಿದೆವು. ಬಸ್ಸಿನಲ್ಲಿ ತಿಂದರೆ ಅವಳಿಗೆ ಹೊಟ್ಟೆ ತೊಳಸುತ್ತದೆ. ಲ್ಯಾಬಿನಲ್ಲಿ ತಿನ್ನೋಣವೆಂದರೆ ಸಂಜೆಯ ಹೊತ್ತು ರೋಗಿಗಳ ಸಾಲು ಬಾಗಿಲ ತನಕ.

ನಾನೇ ಹೇಳಿದೆ. “ಪೋರಿ, ನೇಮ ಬಿಡು. ಪಾಪ ಬಂದ್ರ ನನ್ನ ತಲಿಗೆ ಹಚ್ಚು. ನಂದ ಮೊದ್ಲ ರಾಶಿ ಐತಿ, ಇನ್ನೊಂದ ಬಿದ್ರ ಗೊತ್ತೂ ಆಗಂಗಿಲ್ಲ.”

“ನೇಮ ನಿಂದಲ್ಲ ಆಯಿ, ನಂದು. ನೀ ಸುಮ್ಮ ಕುಂದ್ರು,” ಎಂದಳು.

ಹೀಗೇ ನಡೆದು ಒಂದು ಸಂಜೆ ಬಸ್ಸಿಳಿದು ಬಂದವಳು ಮೆಟ್ಟಿಲ ಮೇಲೆ ಕಾಲಿಟ್ಟಳು, ಕಣ್ಣಿಗೆ ಕತ್ತಲೆ ಬಂದು ಅಲ್ಲೇ ಕೂತುಬಿಟ್ಟಳು. ನನ್ನ ಮಗ ಶ್ರೇಣಿಕ ಕಬ್ಬಿನ ಹೊಲದಿಂದ ಆಗಷ್ಟೇ ಬಂದು ಕಾಲು ತೊಳೆಯುತ್ತಿದ್ದ. ಮಗಳ ಮುಖ ನೋಡಿ ಅವನ ಕೈಯ ತಂಬಿಗೆ ಕೆಳಗೆ ಬಿತ್ತು.

“ಇದೇನ ನೌಕರಿನೋ, ಉಪಾಸದ ವ್ರತಾನೋ? ಸಾಕು. ನಾಳೆ ಲ್ಯಾಬಿನ ಡಾಕ್ಟರಿಗೆ ನಾನ ಫೋನ್ ಮಾಡ್ತೀನಿ, ನಮ್ಮ ಹುಡುಗಿ ಬರಂಗಿಲ್ಲಂತ.”

“ಪಪ್ಪಾ, ಬಸ್ಸ ಬಿಡ್ತೀನಿ. ನೌಕರಿ ಬಿಡಂಗಿಲ್ಲ. ನನಗೊಂದ ಗಾಡಿ ಕೊಡಸು. ಗಾಡಿ ಮ್ಯಾಲ ಬಂದ್ರ ಹೊತ್ತ ಮುಳಗೂದ್ರೊಳಗ ಮನೀಗೆ ಬರ್ತೀನಿ.”

ಶ್ರೇಣಿಕ ಕೆಟ್ಟವನಲ್ಲ. ಮಗಳು ಸೊರಗುವುದನ್ನು ನೋಡಲಾರದವನು, ಅಷ್ಟೇ. ಬಹಳ ಹೊತ್ತು ಗಡ್ಡ ಕೆರೆದುಕೊಂಡ. “ಮೊದ್ಲ ಲೈಸನ್ಸ್ ತಗೊಂಡ ತೋರಸು. ಆಮ್ಯಾಲ ಗಾಡಿ. ಲೈಸನ್ಸ್ ಆಗಲಿಲ್ಲಂದ್ರ ನೌಕರಿ ಬಿಡಬೇಕು. ನಕ್ಕಿ?”

“ನಕ್ಕಿ,” ಎಂದು ಮಾತು ಕೊಟ್ಟಳು ಸ್ನೇಹಲ. ಅವಳ ಹೊಟ್ಟೆ ಅಷ್ಟು ಜೋರಾಗಿ ಗುರ್‌ಗುಟ್ಟಿತು ನೋಡು, ಹೊರಗೆ ಮಲಗಿದ್ದ ನಾಯಿ ಎದ್ದು ನಿಂತಿತು.

ಸುದ್ದಿ ಓಣಿಗೆ ಹಬ್ಬಲು ಎಷ್ಟು ಹೊತ್ತು? ಎದುರು ಮನೆಯ ಭೂಪಾಲ ಎಲೆಯಡಿಕೆ ಜಗಿಯುತ್ತ ಬಂದು ಕಟ್ಟೆ ಮೇಲೆ ಕೂತ. “ಹುಡಿಗ್ಯಾರಿಗೆ ಸ್ಕೂಟಿ ಬರೋಬರ್ ರೀ ಕಾಕೂ. ಗೇರಿನ ಗಾಡಿ ಯಾಕ ಬೇಕು?”

“ಈಗ ಕಬ್ಬಿನ ಟ್ರ್ಯಾಕ್ಟರ್ ತಿರಗ್ಯಾಡಿ ರಸ್ತೆ ಹೆಂಗ ಆಗೇತಿ ನೋಡಿಯೇನ? ಆ ಸ್ಕೂಟಿ ಸಣ್ಣ ಗಾಲಿ ತಗ್ಗಿನ್ಯಾಗ ಇಳದ್ರ ಮ್ಯಾಲ ಬರಾಕ ನಿನ್ನ ಎರಡೂ ಎತ್ತ ಹೂಡಬೇಕಾಗತೈತಿ. ಕೊಡ್ತೀಯೇನ ಎತ್ತ?” ಎಂದೆ.

ಭೂಪಾಲ ಎಲೆಯಡಿಕೆಯನ್ನು ಇನ್ನೊಂದು ದವಡೆಗೆ ಹಾಕಿಕೊಂಡು ಎದ್ದು ಹೋದ.

ಮನೆಯಲ್ಲಿ ಶ್ರೇಣಿಕನ ಹಳೆಯ ಗಾಡಿ ಇತ್ತಲ್ಲ, ಕಲಿಯಲು ಅದೇ ಆಯಿತು. ಕಿಕ್ ಹೊಡೆದರೆ ಮೊದಲು ಕೆಮ್ಮುತ್ತದೆ, ಆಮೇಲೆ ಸಿಟ್ಟಾಗುತ್ತದೆ, ಆಮೇಲೆ ಚಾಲೂ ಆಗುತ್ತದೆ. ಸ್ನೇಹಲ ಚಿಕ್ಕೋಡಿಗೆ ಹೋಗಿ ಕಂಪ್ಯೂಟರ್ ತೋರಿಸುವ ಚಿತ್ರಗಳಿಗೆಲ್ಲ ಉತ್ತರ ಹೇಳಿ, ಕಲಿಯುವವರ ಲೈಸನ್ಸ್ ತಂದಳು. ಗಾಡಿಯ ಮುಂದೊಂದು ಹಿಂದೊಂದು ಕೆಂಪು ಎಲ್ ಅಕ್ಷರದ ಬೋರ್ಡು ಅಂಟಿಸಿದಳು.

ಶ್ರೇಣಿಕ ಹೊಲಕ್ಕೆ ಹೊರಟವನು ಹೇಳಿದ. “ಆ ಬೋರ್ಡ್ ಇರೂತನಕ ಒಬ್ಬಾಕಿನ ಹೊಡೆಯೂ ಹಂಗಿಲ್ಲ. ಹಿಂದ ಒಬ್ರು ಕುಂತಿರಬೇಕು. ಅದು ಕಾಯ್ದೆ.” ಕಬ್ಬು ಕಡಿಯುವ ಗ್ಯಾಂಗು ಹೊಲಕ್ಕೆ ಬಂದಿತ್ತು, ಅವನಿಗೆ ಪುರಸತ್ತಿಲ್ಲ. ನನ್ನ ಸೊಸೆಗೆ ಗಾಡಿ ಎಂದರೆ ಎದೆ ಡವಡವ. ಯಾರು ಕೂರಬೇಕು, ಹೇಳು?

ಮರುದಿನ ನಸುಕಿನಲ್ಲಿ ಸ್ನೇಹಲ ಗಾಡಿ ಹೊರಗೆ ತೆಗೆದಾಗ ನಾನು ತಲೆಗೆ ಹೆಲ್ಮೆಟ್ ಹಾಕಿಕೊಂಡು, ಅದರ ಮೇಲೆ ಸೆರಗು ಹೊದ್ದು ಸಿದ್ಧವಾಗಿ ನಿಂತಿದ್ದೆ.

“ಆಯಿ! ನೀ ಯಾಕ?”

“ಕಾಯ್ದೆ,” ಎಂದೆ. “ನಡಿ.”

ನಾನು ಗಾಡಿಯ ಮೇಲೆ ಹೇಗೆ ಕೂರುತ್ತೇನೆ, ನಿನಗೆ ಗೊತ್ತು. ನಾವೆಲ್ಲ ಕೂರುವ ಹಾಗೆಯೇ. ಎರಡೂ ಕಾಲು ಎಡಗಡೆಗೆ ಇಳಿಬಿಟ್ಟು, ಒಂದು ಕೈ ಗಾಡಿಗೆ, ಒಂದು ಕೈ ಸೆರಗಿಗೆ. ನಮ್ಮ ಮನೆಯವರು ಆಬಾಸಾಹೇಬರು ಇದ್ದಾಗ ಅವರ ಸೈಕಲ್ಲಿನ ಹಿಂದೆಯೂ ಹಾಗೇ ಕೂತವಳು. ಎರಡೂ ಕಡೆ ಕಾಲು ಹಾಕಿ ಕೂರುವುದು ಗಂಡಸರ ಕೆಲಸ ಎಂದು ನನ್ನ ಅತ್ತೆ ಕಣ್ಣಲ್ಲೇ ಹೇಳಿದ್ದರು. ಇನ್ನು ನನ್ನ ತೂಕ. ಅದನ್ನು ಮಾತ್ರ ಕೇಳಬೇಡ. ಕಬ್ಬು ತೂಗುವ ಕಾಟಾದ ಮೇಲೆ ಟ್ರ್ಯಾಕ್ಟರ್ ಇಳಿಸಿ ನನ್ನನ್ನು ಹತ್ತಿಸಿದರೆ, ಕಾಟಾದವನೇ ಇಳಿದು ಓಡುತ್ತಾನೆ.

ಅವಳು ಕಲಿತದ್ದೆಲ್ಲ ನಾನು ಹಿಂದೆ ಹಾಗೆ ಕೂತಿದ್ದಾಗಲೇ. ಗೇರು ಹಾಕುವುದು, ಬ್ರೇಕು ಹಿಡಿಯುವುದು, ತಗ್ಗು ತಪ್ಪಿಸುವುದು. ದೂಧಗಂಗೆಯ ದಂಡೆಯ ಹಾದಿಯಲ್ಲಿ ಹೋಗುತ್ತಿದ್ದೆವು, ಕಬ್ಬಿನ ಗಾಡಿಗಳ ಪಕ್ಕದಲ್ಲಿ ಹೋಗುತ್ತಿದ್ದೆವು. ಮೊದಲು ಒಂದೆರಡು ಸಲ ಮೇವಿನ ಬಣವೆಗೆ ಹೋಗಿ ಕೂತೆವು, ಆಮೇಲೆ ಹುಡುಗಿ ಎಷ್ಟು ನೆಟ್ಟಗೆ ಹೊಡೆಯತೊಡಗಿದಳೆಂದರೆ, ನದಿಯ ನೀರಿನ ಮೇಲೆ ಬಿಟ್ಟಿದ್ದರೂ ಗಾಲಿ ಒದ್ದೆಯಾಗುತ್ತಿರಲಿಲ್ಲ. ಊರಿಗೆಲ್ಲ ಹೇಳಿಕೊಂಡು ಬಂದೆ. ನನ್ನ ಮೊಮ್ಮಗಳ ಪರೀಕ್ಷೆ ಆದಂತೆಯೇ ಲೆಕ್ಕ, ಸಾಹೇಬರು ಎದ್ದು ನಿಂತು ಕೈಮುಗಿಯುತ್ತಾರೆ ಎಂದೆ.

ಒಂದು ತಿಂಗಳು ಕಳೆದು ಪರೀಕ್ಷೆಯ ದಿನ ಬಂತು. ಚಿಕ್ಕೋಡಿಯ ತನಕ ನಾನೇ ಹಿಂದೆ ಕೂತು ಹೋದೆ. ಮೈದಾನದಲ್ಲಿ ನೆಲದ ಮೇಲೆ ದೊಡ್ಡದೊಂದು ಎಂಟು ಬರೆದಿದ್ದರು. ಕಾಲು ನೆಲಕ್ಕೆ ತಾಗಿಸದೆ, ಗೆರೆ ದಾಟದೆ, ಎಂಟರ ಎರಡೂ ಸುತ್ತು ಸುತ್ತಿ ಬರಬೇಕು. ನನ್ನನ್ನು ಹಗ್ಗದ ಆಚೆ ನಿಲ್ಲಿಸಿದರು. ಅಲ್ಲಿ ಕಾಯ್ದೆ ಬೇರೆಯಂತೆ, ಪರೀಕ್ಷೆಯಲ್ಲಿ ಒಬ್ಬರೇ ಹೊಡೆಯಬೇಕಂತೆ.

ಸ್ನೇಹಲ ಗಾಡಿ ಬಿಟ್ಟಳು. ನಾನು ಪಕ್ಕದಲ್ಲಿದ್ದವರಿಗೆಲ್ಲ “ನಮ್ಮಾಕಿ, ನೋಡ್ರಿ” ಎಂದೆ. ಅವರು ನೋಡುವಷ್ಟರಲ್ಲಿ ಗಾಡಿ ಬಲಕ್ಕೆ ಎಳೆಯಿತು. ಅವಳು ಎಡಕ್ಕೆ ತಿರುಗಿಸಿದರೆ ಅದು ಬಲಕ್ಕೇ. ಕುಡಿದವನು ಮನೆ ಹುಡುಕುವ ಹಾಗೆ ವಾಲಾಡಿ ಗೆರೆ ದಾಟಿತು. ಅವಳ ಬಲಗಾಲು ನೆಲಕ್ಕೆ ಬಿತ್ತು. ಸಾಹೇಬರು ಕೈ ಎತ್ತಿ, “ಮುಂದಿನ ವಾರ ಬರ್ರಿ ತಂಗಿ” ಎಂದರು. ಅಷ್ಟೇ. ಮುಗಿಯಿತು.

ಹೊರಗೆ ಬಂದ ಮೇಲೆ ಅವಳು ಫೋನಿನಲ್ಲಿ ಅಪ್ಪನಿಗೆ ಹೇಳಿದಳು. ಶ್ರೇಣಿಕನ ಮಾತು ನನಗೂ ಕೇಳಿಸಿತು. “ಇನ್ನೊಂದ ಸಲ ನೋಡವ್ವಾ. ಆಮ್ಯಾಲ ಸಾಕು. ನಿನ್ನ ಗಲ್ಲ ಒಳಗ ಹೋಗ್ಯಾವು, ನನಗ ನೋಡಾಕ ಆಗವಲ್ದು. ಆಗಲಿಲ್ಲಂದ್ರ ಡಾಕ್ಟರಿಗೆ ಹೇಳಿಬಿಡೂನು.”

ಅವಳು ನನ್ನನ್ನು ಹಿಂದೆ ಕೂರಿಸಿಕೊಂಡು ವಾಪಸು ಹೊರಟಳು. ಈಗ ಗಾಡಿ ನೆಟ್ಟಗೆ ಓಡುತ್ತಿತ್ತು. ನೂಲು ಹಿಡಿದ ಹಾಗೆ! ನಾನು ಹಿಂದೆ ಕೂತು ಯೋಚಿಸಿದೆ. ಇಷ್ಟು ನೆಟ್ಟಗೆ ಹೊಡೆಯುವವಳು ಅಲ್ಲಿ ಯಾಕೆ ವಾಲಿದಳು? ಯಾರಾದರೂ ಕಣ್ಣು ಹಾಕಿದರೇ? ಭೂಪಾಲನೇ ಇರಬೇಕು ಎಂದು ಮನಸ್ಸಿನಲ್ಲೇ ಅವನಿಗೆ ಒಂದಿಷ್ಟು ಬೈದೂ ಬಿಟ್ಟೆ.

ಊರ ಹತ್ತಿರ ಬಂದಾಗ ಅವಳ ಬೆನ್ನು ಸಣ್ಣಗೆ ನಡುಗುವುದು ನನ್ನ ಕೈಗೆ ಗೊತ್ತಾಯಿತು. ಅಳುತ್ತಿದ್ದಳು. ನಾನು ಹಿಂದೆ ಇದ್ದರೆ ಜೋರಾಗಿ ಅಳಲೂ ಅವಳಿಗೆ ಆಗುವುದಿಲ್ಲವಲ್ಲ. “ಸೊಂಟ ಹಿಡದೈತಿ, ಇಲ್ಲೇ ಇಳಸು. ನಾ ನಡಕೊಂತ ಬರ್ತೀನಿ. ನೀ ಆ ಜಾಲಿ ಗಿಡದ ನೆರಳಿಗೆ ಹೋಗಿ ನಿಂದ್ರು,” ಎಂದೆ.

ಅವಳು ನನ್ನನ್ನು ಇಳಿಸಿ ಮುಂದೆ ಹೋದಳು. ಅದುವರೆಗೆ ನಾನು ಅವಳನ್ನು ಹಿಂದಿನಿಂದ, ದೂರದಿಂದ ನೋಡಿಯೇ ಇರಲಿಲ್ಲ ಅಕ್ಕವ್ವ. ನೋಡಿದೆ. ಅವಳ ಬಲ ಭುಜ ಕೆಳಗೆ, ಎಡ ಭುಜ ಮೇಲೆ. ಸೊಂಟದಿಂದ ಮೇಲೆ ಇಡೀ ಮೈ ಬಲಕ್ಕೆ ಬಾಗಿದೆ. ಒಂದು ಕಂಕುಳಲ್ಲಿ ತುಂಬಿದ ಕೊಡ ಹೊತ್ತವಳು ಇನ್ನೊಂದು ಕಡೆ ವಾಲುತ್ತಾಳಲ್ಲ, ಥೇಟ್ ಹಾಗೆ. ಗಾಡಿ ಬಲಕ್ಕೆ ಬಲಕ್ಕೆ ಸರಿಯುತ್ತಿದೆ.

“ಸ್ನೇಹಲ! ನಿಂದ್ರ ಅಲ್ಲೇ!”

ನಾನು ಓಡಿದೆ. ಓಡಿದೆ ಎಂದರೆ, ನನ್ನ ಲೆಕ್ಕದಲ್ಲಿ ಓಡಿದೆ.

“ಬಲಗಡೆ ಯಾಕ ವಾಲಾಕತ್ತಿ?”

“ಎಲ್ಲಿ ವಾಲಾಕತ್ತೀನಿ? ಸೀದಾ ಕುಂತೀನಲ್ಲ,” ಎಂದಳು ಮೂಗು ಒರೆಸಿಕೊಳ್ಳುತ್ತ. ಹಾಗೆ ಹೇಳುವಾಗಲೂ ಬಲಕ್ಕೆ ವಾಲಿಯೇ ಕೂತಿದ್ದಳು.

“ಈಗ ನಾ ಎಲ್ಲಿ ಅದೀನಿ ಹೇಳು.”

“ಇಲ್ಲೇ, ಕೆಳಗ ನಿಂತಿ.”

“ಮತ್ತ ನಿನ್ನ ಎಡಕ್ಕ ಜೋತ ಬಿದ್ದಾಕಿ ಯಾರು?”

ಅವಳು ತಿರುಗಿ ಖಾಲಿ ಸೀಟು ನೋಡಿದಳು. ನನ್ನ ಕಾಲು ನೋಡಿದಳು, ಎಡಗಡೆ ಕಾಲಿಡುವ ಪಾವಟಿಗೆ ನೋಡಿದಳು. ಆಮೇಲೆ ತನ್ನ ಭುಜ ನೋಡಿಕೊಂಡಳು. ನನಗೆ ಆಗಲೇ ತಿಳಿದಿತ್ತು. ನಾನು ತಿಂಗಳಿಡೀ ಎಡಕ್ಕೆ ಕಾಲು ಬಿಟ್ಟು ಕೂತೆ, ಹುಡುಗಿ ನನ್ನ ಭಾರ ಸರಿದೂಗಿಸಲು ಬಲಕ್ಕೆ ಬಾಗಿ ಬಾಗಿ ಕಲಿತಳು. ಅವಳ ಮೈಗೆ ಅದೇ ನೆಟ್ಟಗೆ. ನನ್ನನ್ನು ಹಗ್ಗದ ಆಚೆ ಇಳಿಸಿ ಹೋದರೂ ಪಾಪದ್ದು ಬೆನ್ನ ಮೇಲೆ ನನ್ನನ್ನು ಹೊತ್ತುಕೊಂಡೇ ಎಂಟು ಹೊಡೆದಿತ್ತು.

“ಆಯಿ,” ಎಂದಳು, “ನೀ ನನ್ನ ಫೇಲ್ ಮಾಡಿದಿ!”

“ಮಾಡಿದ್ನಿ. ಈಗ ಏನ್ ಮಾಡ್ತಿ? ರಕ್ತ ತಗೀತೀಯೇನ?”

ಅಳುತ್ತಿದ್ದವಳಿಗೆ ನಗು ಬಂತು. ನಕ್ಕು ನಕ್ಕು ಗಾಡಿ ಬೀಳಿಸುತ್ತಿದ್ದಳು, ನಾನು ಹಿಡಿದೆ. ಅದೂ ಎಡಗಡೆಯಿಂದಲೇ.

ನಗು ಸರಿ, ಮುಂದೇನು? ಉಳಿದದ್ದು ಒಂದೇ ವಾರ. ಮೈ ಕಲಿತದ್ದನ್ನು ಮರೆಸುವುದು ಮಗುವಿಗೆ ಹಾಲು ಬಿಡಿಸಿದ ಹಾಗೆ, ರಗಳೆ. ಮನೆಯ ಹಿಂದಿನ ಕಣದಲ್ಲಿ ನಾನೇ ಒಲೆಯ ಬೂದಿ ಸುರಿದು ದೊಡ್ಡ ಎಂಟು ಹಾಕಿದೆ. ನನಗೆ ಬರೆಯಲು ಬರುವ ಅಂಕಿಗಳಲ್ಲಿ ಅದೂ ಒಂದು. ಎಂಟರ ಒಂದು ಸುತ್ತಿನ ನಡುವೆ ನಮ್ಮ ಎಮ್ಮೆಯನ್ನು ಗೂಟಕ್ಕೆ ಕಟ್ಟಿದೆ. ಇನ್ನೊಂದು ಸುತ್ತಿನ ನಡುವೆ ಖುರ್ಚಿ ಹಾಕಿಕೊಂಡು ನಾನು ಕೂತೆ. ಬೆಳಗಿನ ಬಸ್ಸಿಗೆ ಹೋಗುವ ಮೊದಲು ಹುಡುಗಿ ಒಬ್ಬಳೇ ಗಾಡಿಯ ಮೇಲೆ ಎಮ್ಮೆಯನ್ನು ಸುತ್ತಿ ನನ್ನನ್ನು ಸುತ್ತಿ, ನನ್ನನ್ನು ಸುತ್ತಿ ಎಮ್ಮೆಯನ್ನು ಸುತ್ತಿ ಹೊಡೆದಳು. ದೂರದಿಂದ ನೋಡಿದವರಿಗೆ ನಾನು ಯಾವುದು ಎಮ್ಮೆ ಯಾವುದು ಎಂದು ತಿಳಿಯದೆ ಹೋಗಿರಬೇಕು.

ಅವಳ ಬಲ ಭುಜ ಇಳಿದ ಕೂಡಲೇ ನಾನು ಕೂಗುತ್ತಿದ್ದೆ. “ನನ್ನ ಇಳಸಽ!”

ಅವಳು ಭುಜ ಎತ್ತುತ್ತಿದ್ದಳು. ಮತ್ತೆ ಮರೆಯುತ್ತಿದ್ದಳು.

“ನಾ ಇಲ್ಲಿ ಖುರ್ಚಿ ಮ್ಯಾಲ ಅದೀನಲೇ! ನಿನ್ನ ಬೆನ್ನ ಹಿಂದ ಇಲ್ಲ! ಇಳಸು!”

ಮೊದಲ ದಿನಗಳಲ್ಲಿ ಬೂದಿಯ ಗೆರೆ ಅಳಿಸಿ ಎಂಟು ಹೋಗಿ ಸೊನ್ನೆಯಾಗುತ್ತಿತ್ತು. ಎಮ್ಮೆ ಹಾಲು ಕಡಿಮೆ ಮಾಡಿತು, ಸೊಸೆ ಗೊಣಗಿದಳು. ವಾರದ ಕೊನೆಗೆ ನಾನು ಕೂಗುವುದು ಕಡಿಮೆಯಾಯಿತು, ಎಮ್ಮೆ ಮಲಗಿ ಮೆಲುಕು ಹಾಕತೊಡಗಿತು. ಆಗ ನನಗೆ ಸ್ವಲ್ಪ ಧೈರ್ಯ ಬಂತು.

ಎರಡನೆಯ ಪರೀಕ್ಷೆಗೆ ಶ್ರೇಣಿಕನೇ ಕಬ್ಬಿನ ಗ್ಯಾಂಗನ್ನು ಬಿಟ್ಟು ಮಗಳನ್ನು ಕೂರಿಸಿಕೊಂಡು ಗಾಡಿಯ ಮೇಲೆ ಹೊರಟ. ನಾನು ಬಸ್ಸಿನಲ್ಲಿ ಹೋದೆ. ನನ್ನನ್ನು ಗಾಡಿಯ ಹತ್ತಿರವೂ ಬಿಡಬಾರದು ಎಂದು ಮೊಮ್ಮಗಳ ಅಪ್ಪಣೆಯಾಗಿತ್ತು. ಹಗ್ಗದ ಆಚೆ ನಾನೂ ಶ್ರೇಣಿಕನೂ ನಿಂತೆವು. ಅವನ ಕೈಯಲ್ಲಿ ಫೋನು ಇತ್ತು. ಆ ಫೋನಿನಲ್ಲಿ ಡಾಕ್ಟರ ನಂಬರು ಇದೆ ಎಂದು ನನಗೆ ಗೊತ್ತು, ಸ್ನೇಹಲಳಿಗೂ ಗೊತ್ತು. ಅವಳು ಹೆಲ್ಮೆಟ್ಟಿನ ಪಟ್ಟಿ ಕಟ್ಟುವಾಗ ಒಮ್ಮೆ ಆ ಫೋನನ್ನೇ ನೋಡಿದಳು.

ಗಾಡಿ ಹೊರಟಿತು. ಮೊದಲ ಸುತ್ತು ನೆಟ್ಟಗೆ ಆಯಿತು. ನನ್ನ ಮನಸ್ಸಿನಲ್ಲಿ ಅದು ಎಮ್ಮೆಯ ಸುತ್ತು. ಎರಡನೆಯದಕ್ಕೆ ತಿರುಗುವಾಗ ಯಾರೋ ಹೊರಗೆ ಹಾರ್ನ್ ಹೊಡೆದರು, ಹುಡುಗಿ ಬೆಚ್ಚಿದಳು. ಅಗೋ, ಬಲ ಭುಜ ಇಳಿಯಿತು. ಗಾಲಿ ಗೆರೆಯ ಕಡೆಗೆ ಹೋಯಿತು. ಶ್ರೇಣಿಕ ಕಣ್ಣು ಮುಚ್ಚಿಕೊಂಡ.

ನಾನು ಹಗ್ಗ ಹಿಡಿದು ಕೂಗಿದೆ. “ಸ್ನೇಹಲ! ನನ್ನ ಇಳಸಽ!”

ಇಡೀ ಮೈದಾನ ನನ್ನ ಕಡೆ ತಿರುಗಿತು. ಸಾಹೇಬರು ಗಾಬರಿಯಾಗಿ, “ಯಾರ್ರಿ ಅಜ್ಜಿನ್ನ ಎತ್ಯಾರ?” ಎಂದರು.

ಯಾರೂ ಎತ್ತಿರಲಿಲ್ಲ. ಎತ್ತಿದ್ದವಳು ಅವಳೇ, ಅವಳು ಇಳಿಸಿದಳು. ಭುಜ ಮೇಲೆ ಬಂತು, ಗಾಲಿ ಗೆರೆಯಿಂದ ಸರಿದು ಒಳಗೆ ಬಂತು. ಸುತ್ತು ಪೂರ್ತಿಯಾಯಿತು. ಕಾಲು ನೆಲಕ್ಕೆ ತಾಗಲಿಲ್ಲ. ಗಾಡಿ ಬಂದು ಸಾಹೇಬರ ಮುಂದೆ ದನ ಮನೆಯ ಬಾಗಿಲಿಗೆ ಬಂದ ಹಾಗೆ ಸುಮ್ಮನೆ ನಿಂತಿತು.

“ಪಾಸ್,” ಎಂದರು ಸಾಹೇಬರು. “ಯಾರವ್ವಾ ನಿನಗ ಕಲಿಸ್ದೋರು?”

ಅವಳು ನನ್ನ ಕಡೆ ಬೆರಳು ಮಾಡಿದಳು. ಸಾಹೇಬರು ಹಗ್ಗದ ಹತ್ತಿರ ಬಂದರು. “ಅಜ್ಜಿ, ನಿಮಗ ಗಾಡಿ ಹೊಡ್ಯಾಕ ಬರತೈತೇನ್ರಿ?”

“ಇಲ್ಲರಿ ಸಾಹೇಬ್ರ. ಹಿಂದ ಕುಂದ್ರಾಕ ಬರತೈತ್ರಿ.”

“ಕಲಿಯೋರ ಹಿಂದ ಲೈಸನ್ಸ್ ಇದ್ದೋರ ಕುಂದ್ರಬೇಕ್ರಿ. ಯಾರ ಬೇಕ ಅವರ ಕುಂತ್ರ ಕಾಯ್ದೆ ಆಗಂಗಿಲ್ಲ.”

ನಾನು ಶ್ರೇಣಿಕನ ಕಡೆ ನೋಡಿದೆ. ಶ್ರೇಣಿಕ ಆಕಾಶ ನೋಡಿದ. ಕಾಯ್ದೆ ಹೇಳಿದವನು ಪೂರ್ತಿ ಹೇಳಬೇಕಲ್ಲ! ಆದರೆ ಅವನಿಗೆ ಬೈಯಲು ನನಗೆ ಮನಸ್ಸಾಗಲಿಲ್ಲ. ಅವನು ಫೋನನ್ನು ಕಿಸೆಯೊಳಗೆ ಇಟ್ಟು, ಮೇಲಿನಿಂದ ಕೈ ಒತ್ತಿ ಹಿಡಿದಿದ್ದ, ಅದು ತಾನೇ ಹೊರಗೆ ಜಿಗಿದು ಡಾಕ್ಟರಿಗೆ ಹಚ್ಚಿಬಿಡುತ್ತದೋ ಎನ್ನುವ ಹಾಗೆ. ಆಮೇಲೆ ಚಹಾದಂಗಡಿಯ ಬೆಂಚಿನ ಮೇಲೆ ಕೂತು ಎಷ್ಟು ದೊಡ್ಡ ಉಸಿರು ಬಿಟ್ಟ ಎಂದರೆ, ಬಸಿಯಲ್ಲಿದ್ದ ಚಹಾ ನನ್ನ ಸೀರೆಗೆ ಬಂತು.

ಲೈಸನ್ಸ್ ಕಾರ್ಡು ಪೋಸ್ಟಿನಲ್ಲಿ ಬಂತು. ನಾನು ಅದನ್ನು ದೇವರ ಮುಂದೆ ಇಟ್ಟು, ಅಲ್ಲಿಂದ ತೆಗೆದು ಭೂಪಾಲನ ಮೂಗಿನ ಮುಂದೆ ಹಿಡಿದು, ಆಮೇಲೆ ಹುಡುಗಿಗೆ ಕೊಟ್ಟೆ.

ಗಾಡಿ ನೋಡಲು ಒಂದು ಮಧ್ಯಾಹ್ನ ನಿಪ್ಪಾಣಿಯ ಶೋರೂಮಿಗೆ ಹೋದೆವು. ಶ್ರೇಣಿಕ ತನ್ನ ಹಳೆಯ ಗಾಡಿಯ ಮೇಲೆ ನನ್ನನ್ನು ಕೂರಿಸಿಕೊಂಡು ಬಂದ, ಸ್ನೇಹಲ ಅರ್ಧ ದಿನ ರಜೆ ಕೇಳಿ ಲ್ಯಾಬಿನಿಂದ ನಡೆದು ಬಂದಳು. ಒಳಗೆ ಗಾಡಿಗಳು ಮದುವೆಗೆ ಸಿಂಗರಿಸಿದ ವರಗಳ ಹಾಗೆ ಸಾಲಾಗಿ ನಿಂತಿದ್ದವು. ಶ್ರೇಣಿಕ ಪ್ರತಿಯೊಂದರ ಮುಂದೆಯೂ ನಿಂತು “ಎವರೇಜ್ ಎಷ್ಟ ಕೊಡತೈತ್ರಿ?” ಎಂದು ಕೇಳಿದ. ಅಂಗಡಿಯ ಮಹಾವೀರ, ಟೈ ಕಟ್ಟಿದವನು, ಒಂದು ದೊಡ್ಡ ಕೆಂಪು ಗಾಡಿ ತೋರಿಸಿದ. ಅದು ನಿಂತಲ್ಲೇ ಯಾರನ್ನೋ ಬೆನ್ನಟ್ಟುತ್ತಿರುವ ಹಾಗಿತ್ತು. ಅದರ ಹಿಂದಿನ ಸೀಟು ಅಂಗೈಯಷ್ಟು, ಅದೂ ಮೇಲಕ್ಕೆ ಎದ್ದಿತ್ತು.

“ಇದರ ಮ್ಯಾಲ ಯಾರ ಕುಂದ್ರತಾರ? ಗುಬ್ಬೀನ?” ಎಂದೆ.

“ಅಜ್ಜಿ, ಇದು ಹುಡುಗರ ಗಾಡಿರಿ.”

“ಹುಡುಗರಿಗೆ ಆಯಿ ಇರಂಗಿಲ್ಲೇನ?”

ಸ್ನೇಹಲ ನಮ್ಮ ಮಾತು ಕೇಳುತ್ತಲೇ ಇರಲಿಲ್ಲ. ಒಂದೊಂದೇ ಗಾಡಿಯ ಮೇಲೆ ಕೂತು, ಎರಡೂ ಪಾದ ಪೂರ್ತಿ ನೆಲಕ್ಕೆ ಊರುತ್ತವೆಯೇ ಎಂದು ನೋಡಿದಳು. ಕಣ್ಣು ಮುಚ್ಚಿ ಭುಜ ಸರಿಮಾಡಿಕೊಂಡು, ಆಮೇಲೆ ಕನ್ನಡಿಯಲ್ಲಿ ನೋಡಿಕೊಂಡಳು, ವಾಲಿದ್ದೇನೆಯೇ ಎಂದು. ಕೊನೆಗೆ ಮೂಲೆಯಲ್ಲಿ ನಿಂತಿದ್ದ ಕರಿ ಗಾಡಿಯನ್ನು ಹೊರಗೆ ತೆಗೆಸಿ ಅಂಗಳದಲ್ಲಿ ಸುತ್ತು ಹಾಕಿದಳು. ಬಣ್ಣ ಇಲ್ಲ, ಬಡಿವಾರ ಇಲ್ಲ, ಸೀಟು ಮಾತ್ರ ಉದ್ದ, ಚಪ್ಪಟೆ. ಇಳಿದು ಬಂದು, “ಇದ ಪಪ್ಪಾ,” ಎಂದಳು.

ಮಹಾವೀರನಿಗೆ ಬೇಜಾರಾಯಿತು. “ಇದು ಹಾಲ ಹಾಕಾವ್ರ ತಗೊಂತಾರ್ರಿ ಮೇಡಂ.”

“ನಾನೂ ಮನೀಗೆ ಊಟಕ್ಕ ಹೋಗಾಕ ತಗೊಳ್ಳಾಕತ್ತೀನ್ರಿ,” ಎಂದಳು.

ಗಾಡಿ ಕೈಗೆ ಸಿಕ್ಕ ದಿನ ಕಾಗದಪತ್ರ, ನಂಬರ್ ಪ್ಲೇಟು, ಪೂಜೆ, ಪೇಢೆ ಎಂದು ಹೊತ್ತು ಇಳಿದೇಬಿಟ್ಟಿತು. ಸೂರ್ಯ ತಂಬಾಕಿನ ಗೋದಾಮುಗಳ ಮೇಲೆ ಬಂದು ಕೂತಿದ್ದ. ಮಹಾವೀರ ಹೊಸ ಗಾಡಿಯ ಎಡಗಡೆ ತೋರಿಸಿ, “ಅಜ್ಜಿಗೆ ಸೀರಿ ಗಾರ್ಡ್ ಐತಿ, ಕಾಲ ಇಡಾಕ ಪಾವಟಿಗಿ ಐತಿ, ಆರಾಮ ಒಂದ ಕಡೆ ಕುಂದ್ರಬಹುದು,” ಎಂದ.

ಸ್ನೇಹಲ ಗಾಡಿ ಚಾಲೂ ಮಾಡಿ ನನ್ನ ಕಡೆ ತಿರುಗಿದಳು. ಮುಖದಲ್ಲಿ ನಗು ಇರಲಿಲ್ಲ.

“ಆಯಿ, ಮೊದಲನೇ ಸಲ ನೀನ ಕುಂದ್ರಬೇಕಂತ ನನ್ನ ಆಸೆ. ಆದ್ರ ಒಂದ ಕಡೆ ಕಾಲ ಹಾಕಿ ಕುಂತಿ ಅಂದ್ರ ನನ್ನ ಮೈ ಮತ್ತ ಬಲಕ್ಕ ವಾಲತೈತಿ. ನಾಳಿಂದ ನಾ ದಿನಾ ಒಬ್ಬಾಕಿನ ಹೋಗಾಕಿ. ಹೆಂಗ ಕುಂದ್ರತಿ ನೀನ ನೋಡು. ಆಗಂಗಿಲ್ಲಂದ್ರ ಪಪ್ಪಾನ ಗಾಡಿ ಮ್ಯಾಲ ಬಾ.”

ಶ್ರೇಣಿಕ ತನ್ನ ಹಳೆಯ ಗಾಡಿಯ ಮೇಲೆ ಕೂತು ಕಾಯುತ್ತಿದ್ದ. ಅವನ ಹಿಂದೆ ನಾನು ಹೇಗೆ ಬೇಕಾದರೂ ಕೂರಬಹುದಿತ್ತು. ನಾನು ಕೆಳಗೆ ನನ್ನ ಸೀರೆ ನೋಡಿಕೊಂಡೆ. ಮದುವೆಯಾದಾಗಿನಿಂದ ಉಡುತ್ತ ಬಂದ ಕಚ್ಚೆ ಸೀರೆ, ಎರಡು ಕಾಲಿನ ನಡುವಿನಿಂದ ತೆಗೆದು ಹಿಂದೆ ಸಿಕ್ಕಿಸಿದ್ದು. ಈ ಸೀರೆ ಉಟ್ಟು ಬಾವಿಗೆ ಇಳಿದಿದ್ದೇನೆ, ಕಬ್ಬು ಕಡಿದಿದ್ದೇನೆ, ಬಂಡಿ ಹೊಡೆದಿದ್ದೇನೆ. ಆದರೆ ನಮ್ಮ ಓಣಿ ಬಾಯಿ ಎಂಥದು, ನಿನಗೆ ಗೊತ್ತಲ್ಲ. ಸಂಜೆಯ ಹೊತ್ತಿಗೆ ಬಸದಿಯ ಮುಂದಿನ ಕಟ್ಟೆ ಖಾಲಿ ಇರುವುದಿಲ್ಲ. ಅದರ ಮುಂದಿನಿಂದಲೇ ಹೋಗಬೇಕು. ಆಬಾಸಾಹೇಬರ ಹೆಂಡತಿ ಈ ವಯಸ್ಸಿನಲ್ಲಿ ಹೀಗೆ ಕೂತು ಬಂದಳು ಎಂದರೆ ಮುಂದಿನ ಹಂಗಾಮಿನ ತನಕ ಅವರಿಗೆ ಬೇರೆ ಮಾತೇ ಬೇಡ. ಇತ್ತ ಸೂರ್ಯ ನನಗಾಗಿ ನಿಲ್ಲುವವನಲ್ಲ. ಮನೆಯಲ್ಲಿ ಸೊಸೆ ಹಿಟ್ಟು ನಾದಿಟ್ಟು ಬಾಗಿಲಲ್ಲಿ ನಿಂತಿದ್ದಾಳೆ.

ನಾನು ಹೆಲ್ಮೆಟ್ ಹಾಕಿಕೊಂಡೆ, ಅದರ ಮೇಲೆ ಸೆರಗು ಹೊದ್ದೆ.

ಕರಿ ಗಾಡಿಯ ಮೇಲೆ ನಿಪ್ಪಾಣಿಯಿಂದ ಸದಲಗಾ ಎಷ್ಟು ದೂರ ಎಂದು ನನ್ನನ್ನು ಕೇಳಿದರೆ, ಒಂದು ಆಕಳಿಕೆಯಷ್ಟು ಎನ್ನುತ್ತೇನೆ. ಹುಡುಗಿ ದಾರಿಯುದ್ದಕ್ಕೂ ಒಂದು ಸಲವೂ ವಾಲಲಿಲ್ಲ. ಅಂಗಳದಲ್ಲಿ ಗಾಡಿ ನಿಂತಾಗ ಸೂರ್ಯ ಕಬ್ಬಿನ ಸುಳಿಯ ಮೇಲೆ ಇನ್ನೂ ಇದ್ದ. ಅವಳು ಹೆಲ್ಮೆಟ್ ತೆಗೆದು, ಕೈ ತೊಳೆದು, ಒಲೆಯ ಮುಂದೆ ಕೂತಳು. ಬಿಸಿ ಬಿಸಿ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ. ಸೊಸೆ ಬಡಿಯುತ್ತಲೇ ಇದ್ದಳು, ಅವಳು ತಿನ್ನುತ್ತಲೇ ಇದ್ದಳು. ಊರಿಗೆಲ್ಲ ಹಿಟ್ಟು ಸಾಲದೆ ಬಂತು ಎಂದರೆ ನೀನು ನಂಬುವುದಿಲ್ಲ, ಬಿಡು. ಶ್ರೇಣಿಕ ಬಾಗಿಲಲ್ಲಿ ನಿಂತು ಮಗಳ ಗಲ್ಲವನ್ನೇ ನೋಡುತ್ತಿದ್ದ. ಅವಳು ಕೊನೆಯ ತುತ್ತು ನುಂಗಿ ನೀರು ಕುಡಿದ ಮೇಲೆ ಹೊರಗೆ ಹೊತ್ತು ಮುಳುಗಿತು. ನನ್ನ ಎದೆಯ ಮೇಲಿನಿಂದ ಯಾರೋ ಕಾಟಾದ ಕಲ್ಲು ಇಳಿಸಿದ ಹಾಗಾಯಿತು.

ನನ್ನ ಮುಖ ಏನು ನೋಡುತ್ತೀ? ಇನ್ನೊಂದೇ ಮಾತು ಉಳಿದಿದೆ, ಅದನ್ನು ನಾನು ಹೇಳುವುದಿಲ್ಲ. ಆ ಸಂಜೆ ನಾವು ಬಸದಿಯ ಮುಂದೆ ಹಾದು ಬರುವಾಗ ಕಟ್ಟೆಯ ಮೇಲೆ ಕೂತಿದ್ದ ಭೂಪಾಲ ಬಾಯಿ ತೆರೆದ. ಅವನ ಎಲೆಯಡಿಕೆಯೆಲ್ಲ ಬಿಳಿ ಧೋತರದ ಮೇಲೆ ಬಿತ್ತು. ಅವನ ಹೆಂಡತಿ ಇವತ್ತಿಗೂ ಆ ಕಲೆ ತಿಕ್ಕುತ್ತ ನನ್ನ ಹೆಸರು ಹೇಳಿ ಬೈಯುತ್ತಾಳೆ. ಈಗ ನೀನೇ ಹೇಳು ಅಕ್ಕವ್ವ, ಅವನು ಏನು ನೋಡಿರಬೇಕು?